ತಾಯಂದಿರ ಆರೋಗ್ಯರಕ್ಷಣೆ: ಊರಿನ ಹೊಣೆ

ಹೆಣ್ಣುಮಕ್ಕಳ ಶಾಲೆಯ ಸ್ಮರಣಸಂಚಿಕೆಯಲ್ಲಿ ವಿದ್ಯೆ, ಶಿಸ್ತು, ಸನ್ನಡತೆ ಮೊದಲಾದವುಗಳನ್ನು ಕುರಿತು ಬರೆಯುವದು ರೂಢಿ. ಹೆರಿಗೆಯ ಮಾತು ಇಂಥ ಪುಟಗಳಲ್ಲಿ ಬರಬಾರದೆಂದು ಕೆಲವು ಪಾಲಕರು ಎಣಿಸಬಹುದು. ನಮ್ಮ ಅಭಿಪ್ರಾಯವು ಬೇರೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರ ಈ ನಾಲ್ಕು ತಾಲೂಕುಗಳಿಂದ ನಮ್ಮಲ್ಲಿಗೆ ಕಲಿಯಲು ಬರುವ ಹುಡುಗಿಯರು ಹತ್ತನೆಯ ತರಗತಿಯನ್ನು ಮುಗಿಸಿ ಹೋದ ಐದಾರು ವರ್ಷಗಳೊಳಗಾಗಿ ಅವರಲ್ಲಿ ಬಹಳ ಮಂದಿ ತಾಯಂದಿರಾಗುವರು. ಅವರಿಗೆ ಬೀಜಗಣಿತವನ್ನೂ ಭೂಗೋಳವನ್ನೂ ಕಲಿಸಿ ಕಳುಹಿಸಿದ ನಾವು, ಆ ಬಳಿಕ ಅವರು ಕ್ಷೇಮದಿಂದ ಹೆತ್ತು ಬದುಕಿದರೋ ಇಲ್ಲವೋ ಎಂಬದನ್ನು ವಿಚಾರಿಸದೆ ಇರುವದು ಸರಿಯಲ್ಲ. ಆದಕಾರಣ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಮೊದಲು ಆಗಿರುವ ಒಳ್ಳೇದನ್ನು ಹೇಳಬೇಕು. 1946ರಲ್ಲಿ ಭೋರ್ ಸಮಿತಿಯು ಹಿಂದುಸ್ಥಾನದ ಆರೋಗ್ಯಸ್ಥಿತಿಯನ್ನು ಕುರಿತು ವರದಿಯನ್ನು ಒಪ್ಪಿಸಿದಾಗ, ಸಾವಿರ ಹೆರಿಗೆಗಳಲ್ಲಿ ಸುಮಾರು 20 ಮಂದಿ ತಾಯಂದಿರು ಸಾಯುತ್ತಿದ್ದರೆಂದು ಅಂದಾಜು ಮಾಡಿತ್ತು. ಆಗ ನಮ್ಮ ಈ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆಯಲ್ಲಿತ್ತು. ಸವಣೂರು ಮಾತ್ರ 1948ರ ವರೆಗೆ ನವಾಬರ ಸಂಸ್ಥಾನವಾಗಿತ್ತು. ಹೆರಿಗೆಯೆಂದರೆ ಒಳಮನೆಯ ಕತ್ತಲೆ ಮೂಲೆ, ಒಬ್ಬ ಮುದುಕಿ ಸೂಲಗಿತ್ತಿ, ಒಂದು ಕುಡಗೋಲು. ಆ ಕಾಲವು ಹೋಯಿತು. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಹೆರಿಗೆಗಳಿಗೆ ಸಾಯುವ ತಾಯಂದಿರ ಸಂಖ್ಯೆಯು 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರರಲ್ಲಿ 97 ಹೆರಿಗೆಗಳು ದವಾಖಾನೆಗಳಲ್ಲಿ ಆದವು. ಇದಕ್ಕಾಗಿ ದುಡಿದ ಡಾಕ್ಟರರಿಗೂ ನರ್ಸಬಾಯಿಗಳಿಗೂ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರಿಗೂ ನಾವು ಕೃತಜ್ಞರಾಗಿರತಕ್ಕದ್ದು.

ಆದರೆ ಅದೇ 2018–20ರಲ್ಲಿ ನೆರೆಯ ಕೇರಳದ ಸಂಖ್ಯೆಯು 19. ಅಲ್ಲಿಯ ಹೆಂಗಸರು ಬೇರೆ ಮಣ್ಣಿನಿಂದ ಮಾಡಿದವರಲ್ಲ. ಬೇರೆಯಾಗಿರುವದು ಅವರ ಸುತ್ತಲಿನ ಏರ್ಪಾಡು. ನಾವು ಹೆರಿಗೆಯನ್ನು ಮನೆಯಿಂದ ದವಾಖಾನೆಗೆ ತಂದಿದ್ದೇವೆ. ತಾಯಿಯ ಹೊಣೆಯನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಬಂದಿದ್ದೇವೆ. ಒಂಬತ್ತು ತಿಂಗಳ ಬಸಿರು, ಒಂದು ದಿನದ ಬೇನೆ, ಮುಂದೆ ಕೆಲವು ತಿಂಗಳ ಬಾಣಂತನ, ಇಷ್ಟರಲ್ಲಿ ಸರಕಾರವೂ ಊರೂ ಕಣ್ಣಿಟ್ಟು ನೋಡುವದು ನಡುವಿನ ಆ ಒಂದು ದಿನವನ್ನು. ಉಳಿದದ್ದು ಅತ್ತೆಯ ತಿಳಿವಳಿಕೆಗೆ, ಗಂಡನ ಸಂಬಳಕ್ಕೆ, ದೇವರ ದಯೆಗೆ ಬಿಟ್ಟದ್ದು.

ರಕ್ತದ ವಿಷಯವನ್ನೇ ನೋಡಿರಿ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಐದಾರು ವರ್ಷ ಮೊದಲಿನ ಸಮೀಕ್ಷೆಯಲ್ಲಿಯೂ ಸುಮಾರು ಅಷ್ಟೇ ಇತ್ತು. ದವಾಖಾನೆಯ ಹೆರಿಗೆಗಳು ಹೆಚ್ಚಿದವು, ತಾಯಿಯ ಮೈಯಲ್ಲಿಯ ರಕ್ತ ಹೆಚ್ಚಲಿಲ್ಲ. ಗರ್ಭಿಣಿಯ ಹಿಮೋಗ್ಲೋಬಿನು 11 ಗ್ರಾಮಿಗಿಂತ ಕಡಿಮೆಯಿರಬಾರದು. 7ಕ್ಕಿಂತ ಇಳಿದರೆ ಅದು ಅಪಾಯ. ಹೆರಿಗೆಯಾದ ಮೇಲೆ ಒಮ್ಮೆ ರಕ್ತಸ್ರಾವವು ಬಲವಾಗಿ ಹತ್ತಿಕೊಂಡರೆ ಎರಡು ತಾಸುಗಳೊಳಗೆ ಜೀವ ಹೋಗಬಹುದು. ತುಂಬಿದ ಕೊಡದಿಂದ ಸ್ವಲ್ಪ ನೀರು ಚೆಲ್ಲಿದರೆ ಕೊಡವು ಬರಿದಾಗುವದಿಲ್ಲ. ಅರ್ಧ ಕೊಡವಿದ್ದವಳ ಗತಿಯೇನು?

ಕಬ್ಬಿಣದ ಗುಳಿಗೆಗಳು ಪುಕ್ಕಟೆ ದೊರೆಯುತ್ತವೆ. ಬಸುರಿಯು ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತಕ್ಕೊಳ್ಳಬೇಕೆಂಬದು ನಿಯಮ. ಆದರೆ ಗುಳಿಗೆ ತಿಂದರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುವದು, ಕೂಸು ಕಪ್ಪಗೆ ಹುಟ್ಟುವದು ಎಂಬ ಮಾತುಗಳನ್ನು ಓದಿದ ಮನೆಗಳಲ್ಲಿಯೂ ನಾವು ಕೇಳಿದ್ದೇವೆ. ಹೊಟ್ಟೆ ತೊಳಸುವದೆಂದು, ಮಲವು ಕಪ್ಪಾಗುವದೆಂದು ಹೆದರಿ ಗುಳಿಗೆಗಳನ್ನು ಗೂಡಿನಲ್ಲಿಟ್ಟು ಮರೆಯುವವರು ಬಹಳ. ಇನ್ನು ಕೆಲವರು ಚಹದ ಜೊತೆಗೆ ನುಂಗುತ್ತಾರೆ. ಚಹವು ಕಬ್ಬಿಣವನ್ನು ಮೈಗೆ ಹತ್ತಗೊಡುವದಿಲ್ಲವೆಂದು ಅವರಿಗೆ ಯಾರೂ ಹೇಳಿಲ್ಲ. ಊಟವಾದ ಮೇಲೆ, ಒಂದು ಹೋಳು ನಿಂಬೆಹಣ್ಣಿನ ರಸದೊಡನೆ ತಕ್ಕೊಂಡರೆ ಈ ತೊಂದರೆಗಳು ಬಹುಮಟ್ಟಿಗೆ ತಪ್ಪುವವು. ಇಷ್ಟನ್ನು ಹೇಳಲು ಡಾಕ್ಟರೇ ಬೇಕೆಂದಿಲ್ಲ. ನಮ್ಮ ಶಾಲೆಯಲ್ಲಿ ಕಲಿತ ಯಾವ ಹುಡುಗಿಯಾದರೂ ಹೇಳಬಲ್ಲಳು, ಯಾಕಂದರೆ ವಾರಕ್ಕೊಮ್ಮೆ ನೀಲಿ ಗುಳಿಗೆಯನ್ನು ಅವಳು ತರಗತಿಯಲ್ಲಿಯೇ ನುಂಗಿದ್ದಾಳೆ. (ಎಲ್ಲರೂ ನುಂಗುತ್ತಾರೆಂದು ನಾವು ಪ್ರಮಾಣ ಮಾಡಲಾರೆವು, ಕಿಟಕಿಯ ಕೆಳಗಿನ ಹೂವಿನ ಪಾತಿಯಲ್ಲಿ ನಾವು ಕಂಡ ಗುಳಿಗೆಗಳ ಲೆಕ್ಕವೂ ನಮ್ಮ ಬಳಿ ಇದೆ.)

ನಮ್ಮ ಕಡೆಯಲ್ಲಿ ಐದನೆಯ ಅಥವಾ ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯವನ್ನು ಮಾಡುವರು. ಹಸಿರು ಸೀರೆ, ಬಳೆ, ಬಂಧುಬಳಗ, ಹೋಳಿಗೆಯ ಊಟ. ಅದನ್ನು ನಾವು ಅಲ್ಲಗಳೆಯುವವರಲ್ಲ. ಬಸುರಿಯನ್ನು ಒಂದು ದಿನವಾದರೂ ಮಣೆಯ ಮೇಲೆ ಕೂಡಿಸಿ ಎಲ್ಲರೂ ಅವಳ ಮುಖವನ್ನು ನೋಡುವ ಸಂಭ್ರಮವು ಒಳ್ಳೇದು. ಆದರೆ ಆ ದಿನ ಬಂದ ನೂರು ಮಂದಿಯಲ್ಲಿ ಅವಳ ರಕ್ತದೊತ್ತಡ ಎಷ್ಟಿದೆ, ಕಾಲು ಬಾತಿದೆಯೇ, ತಲೆನೋವು ಬರುತ್ತದೆಯೇ ಎಂದು ಕೇಳುವವರು ಒಬ್ಬರಾದರೂ ಇರಬೇಕಷ್ಟೇ? ಒತ್ತಡವು ಏರಿ ಸೆಳವು ಬರುವ ರೋಗವು ಮೊದಲು ಈ ಚಿಕ್ಕ ಗುರುತುಗಳಿಂದಲೇ ಕಾಣಿಸಿಕೊಳ್ಳುವದು. ಬಾಣಂತಿಯ ಉಪಚಾರದಲ್ಲಿಯೂ ಹಾಗೆಯೇ. ಅಳವಿಯ ಪಾಯಸ, ಅಂಟಿನುಂಡಿ, ಸಬ್ಬಸಗಿಯ ಪಲ್ಯ ಇವೆಲ್ಲ ನಮ್ಮ ಅಜ್ಜಿಯರ ಜ್ಞಾನ, ಇವನ್ನು ಬಿಡಬಾರದು. ಬಾಣಂತಿಗೆ ನೀರು ಕೊಡಬಾರದು, ಹಣ್ಣು ಕೊಡಬಾರದು, ಜ್ವರ ಬಂದರೂ ಹೊಸಲು ದಾಟಿಸಬಾರದು ಎಂಬವುಗಳನ್ನು ಮಾತ್ರ ಇಂದೇ ಬಿಡಬೇಕು. ಬಾಣಂತಿಯ ಜ್ವರವು ಗರ್ಭಾಶಯದ ನಂಜಿನ ಗುರುತಾಗಿರಬಹುದು. ಕಷಾಯವನ್ನು ಕಾಸುತ್ತ ಮೂರು ದಿನ ಕಳೆಯುವ ರೋಗವಲ್ಲ ಅದು.

ಮತ್ತೊಂದು ತೊಡಕು ನಮ್ಮ ರೂಢಿಯಿಂದಲೇ ಹುಟ್ಟಿದ್ದು. ಮೊದಲ ಹೆರಿಗೆಯು ತವರಿನಲ್ಲಿ ಆಗಬೇಕು. ಹೆಸರು ಬರೆಸುವದು ಗಂಡನ ಊರಿನಲ್ಲಿ, ತಪಾಸಣೆಯಾಗುವದು ಅಲ್ಲಿ. ಏಳು ತಿಂಗಳು ತುಂಬಿದ ಮೇಲೆ ಹುಡುಗಿಯು ಹಿರೇಕೆರೂರಿನಿಂದ ಸವಣೂರಿಗೆ ಬರುವಳು. ಅವಳನ್ನು ಬಲ್ಲ ನರ್ಸಬಾಯಿಯು ಅಲ್ಲಿ ಉಳಿದಳು, ಇಲ್ಲಿಯವಳಿಗೆ ಇವಳ ಪರಿಚಯವಿಲ್ಲ. ತಾಯಿ ಕಾರ್ಡು ಅತ್ತೆಯ ಪೆಟ್ಟಿಗೆಯಲ್ಲಿ! ಪಾಲಕರೇ, ಮಗಳನ್ನು ಕರೆತರುವಾಗ ಬಳೆಯ ಪೆಟ್ಟಿಗೆಗಿಂತ ಮೊದಲು ಆ ಕಾರ್ಡನ್ನು ಕೇಳಿ ತಕ್ಕೊಳ್ಳಿರಿ; ಬಂದ ಮರುದಿನವೇ ಊರಿನ ಆಶಾ ಕಾರ್ಯಕರ್ತೆಗೆ ತೋರಿಸಿರಿ.

ಲಗ್ನದ ವಯಸ್ಸಿನ ಮಾತನ್ನು ಈ ಸಂಚಿಕೆಯ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲವೆಂದು ಆಶಿಸುತ್ತೇವೆ. ಆದರೂ 2019–21ರ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಐವರಲ್ಲೊಬ್ಬಳಿಗೆ 18 ತುಂಬುವ ಮುಂಚೆ ಲಗ್ನವಾಗಿತ್ತು. ನಮ್ಮ ಒಂಬತ್ತನೆಯ ತರಗತಿಯಿಂದ ಬೇಸಿಗೆಯ ರಜೆಗೆ ಹೋದವರಲ್ಲಿ ಜೂನಿನಲ್ಲಿ ತಿರುಗಿ ಬಾರದವರು ಇಂದಿಗೂ ಇದ್ದಾರೆ.

ಈಗ ದಾರಿಯ ಮಾತು. ಸತ್ಯವೇದದಲ್ಲಿ ರಾಹೇಲಳು ಎಫ್ರಾತಕ್ಕೆ ಹೋಗುವ ದಾರಿಯಲ್ಲಿ ಹೆತ್ತು, ದಾರಿಯಲ್ಲಿಯೇ ತೀರಿಕೊಂಡಳು. ಸೂಲಗಿತ್ತಿಯು ಅವಳಿಗೆ ಧೈರ್ಯ ಹೇಳಿದಳಂತೆ. ಧೈರ್ಯದ ಮಾತಿಗಿಂತ ಹೆಚ್ಚಿನದು ಆಗ ಯಾರ ಕೈಯಲ್ಲಿಯೂ ಇರಲಿಲ್ಲ. ಈಗ ಇದೆ. ಗರ್ಭಾಶಯವನ್ನು ಬಿಗಿಗೊಳಿಸಿ ರಕ್ತವನ್ನು ನಿಲ್ಲಿಸುವ ಸೂಜಿಮದ್ದು ಇದೆ, ಸೆಳವನ್ನು ತಡೆಯುವ ಮೆಗ್ನೀಶಿಯಮ್ ಸಲ್ಫೇಟು ಇದೆ, ಶಸ್ತ್ರಕ್ರಿಯೆ ಇದೆ. ಆದರೂ ತಾಯಂದಿರು ದಾರಿಯಲ್ಲಿ ಸಾಯುತ್ತಾರೆ. 2008ರ ನವೆಂಬರದಿಂದ 108ರ ಬಂಡಿಯು ಬಂತು. ಅದು ಎಷ್ಟೋ ಜೀವಗಳನ್ನು ಉಳಿಸಿತು. ಬಂಡಿಯೇನೋ ಬಂದೀತು, ಎಲ್ಲಿಗೆ ಹೋಗಬೇಕು? ಹಾನಗಲ್ಲ, ಸವಣೂರಿನವರು ಹಾವೇರಿಗೆ, ಅಲ್ಲಿಂದ ಹುಬ್ಬಳ್ಳಿಗೆ. ಶಿಗ್ಗಾಂವಿಯವರು ನೆಟ್ಟಗೆ ಹುಬ್ಬಳ್ಳಿಗೆ. ಹಿರೇಕೆರೂರಿನವರು ದಾವಣಗೆರೆ ಇಲ್ಲವೆ ಶಿವಮೊಗ್ಗೆಯ ಕಡೆಗೆ. ಮಳೆಗಾಲದಲ್ಲಿ ವರದೆಯೂ ಧರ್ಮೆಯೂ ತುಂಬಿದರೆ ತಗ್ಗಿನ ಸೇತುವೆಗಳು ಮುಳುಗಿ ಸುತ್ತುದಾರಿ ಹಿಡಿಯಬೇಕು. 2019ರ ಆಗಸ್ಟಿನ ಮಹಾಪೂರವನ್ನು ಈ ಭಾಗದವರು ಮರೆತಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಾತನ್ನು ಇಲ್ಲಿ ಹೇಳಬೇಕಾಗಿದೆ. ಅವಳ ಹೆಸರನ್ನೂ ಊರನ್ನೂ ಹೇಳುವದಿಲ್ಲ. ಎರಡನೆಯ ಹೆರಿಗೆ. ಕೂಸು ಸುಖವಾಗಿ ಹುಟ್ಟಿತು. ರಕ್ತವು ನಿಲ್ಲಲಿಲ್ಲ. ಮೊದಲನೆಯ ದವಾಖಾನೆಯಲ್ಲಿ ಆ ರಾತ್ರಿ ತಜ್ಞರಿಲ್ಲವೆಂದು ಎರಡನೆಯದಕ್ಕೆ ಬರೆದು ಕೊಟ್ಟರು. ಎರಡನೆಯದರಲ್ಲಿ ಡಾಕ್ಟರಿದ್ದರು, ರಕ್ತವಿರಲಿಲ್ಲ. ಮೂರನೆಯದನ್ನು ಮುಟ್ಟಿದಾಗ ಎಲ್ಲವೂ ಇತ್ತು, ಅವಳು ಇರಲಿಲ್ಲ. ಮೂರೂ ಕಡೆಗಳಲ್ಲಿ ಯಾರೂ ಅವಳನ್ನು ಬೈದು ಓಡಿಸಲಿಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಮಾಡಿ ಕಾಗದಕ್ಕೆ ಸಹಿ ಹಾಕಿದರು. ಅವಳು ಬದುಕಬೇಕೆಂಬ ಹೊಣೆಯು ಮಾತ್ರ ಯಾವ ಒಬ್ಬರದೂ ಆಗಿರಲಿಲ್ಲ.

2024ರ ನವೆಂಬರದಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಹಲವು ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ಸಲೈನಿನ ಮೇಲೆ ಸಂಶಯ ಬಂದು ರಾಜ್ಯದಲ್ಲೆಲ್ಲ ಗದ್ದಲವಾಯಿತು. ಆ ಬಳಿಕ 2025ರಲ್ಲಿ ಸರಕಾರವು ತಾಲೂಕಿನ ದವಾಖಾನೆಗಳಲ್ಲಿ ಹೆರಿಗೆಯ ತಜ್ಞರು, ಅರಿವಳಿಕೆಯ ತಜ್ಞರು, ಮಕ್ಕಳ ಡಾಕ್ಟರು ಇವರನ್ನು ಒಟ್ಟುಗೂಡಿಸಿ ಹಗಲಿರುಳು ಸೇವೆ ದೊರೆಯುವಂತೆ ಮಾಡುವ ಯೋಜನೆಯನ್ನು ಪ್ರಕಟಿಸಿತು. ಹೆರಿಗೆಗಳು ಕಡಿಮೆಯಿರುವ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞರನ್ನು ಇದಕ್ಕಾಗಿ ತಾಲೂಕಿಗೆ ತರುವದೆಂಬ ವಿಚಾರಕ್ಕೆ ಹಳ್ಳಿಗಳ ಕಡೆಯಿಂದ ಆಕ್ಷೇಪ ಬರುವದು ಸಹಜ. ನಮ್ಮೂರಿನ ಡಾಕ್ಟರನ್ನು ಯಾಕೆ ಒಯ್ಯುತ್ತೀರಿ ಎಂದು ಯಾರಾದರೂ ಕೇಳುವರು.

ಈ ವಿಷಯದಲ್ಲಿ ನಾವು ಯೋಜನೆಯ ಪಕ್ಷದವರು. ಒಬ್ಬಂಟಿ ತಜ್ಞೆಯು ಇಪ್ಪತ್ತನಾಲ್ಕು ತಾಸು ಎಚ್ಚರವಾಗಿರಲಾರಳು. ಅರಿವಳಿಕೆ ಕೊಡುವವರಿಲ್ಲದೆ ಅವಳು ಶಸ್ತ್ರಕ್ರಿಯೆಯನ್ನು ಮಾಡಲಾರಳು. ರಕ್ತವಿಲ್ಲದೆ ಮಾಡಿದರೂ ಫಲವಿಲ್ಲ. ಐದು ಊರುಗಳಲ್ಲಿ ಒಂದೊಂದು ತುಂಡಿರುವದಕ್ಕಿಂತ ಒಂದೇ ಊರಿನಲ್ಲಿ ಇಡಿಯಾಗಿರುವದು ಮೇಲು. ಐಡಾ ಸ್ಕಡರ್ ಅವರ ಕಥೆಯನ್ನು ನಮ್ಮ ಶಾಲೆಯಲ್ಲಿ ಎಲ್ಲರೂ ಕೇಳಿದ್ದಾರೆ: ಒಂದೇ ರಾತ್ರಿ ಮೂರು ಮನೆಗಳ ಗಂಡಸರು ಬಂದು, ಬೇನೆ ತಿನ್ನುತ್ತಿರುವ ತಮ್ಮ ಹೆಂಡಂದಿರ ಬಳಿಗೆ ಹೆಣ್ಣು ಡಾಕ್ಟರು ಬೇಕೆಂದು ಕೇಳಿದರು, ಡಾಕ್ಟರಾಗಿದ್ದ ಅವರ ತಂದೆಯನ್ನು ಕರೆದೊಯ್ಯಲು ಒಪ್ಪಲಿಲ್ಲ, ಬೆಳಗಾಗುವದರೊಳಗೆ ಮೂವರೂ ಸತ್ತರು. ಆ ದುಃಖದಿಂದ ಹುಟ್ಟಿದ್ದು 1900ರಲ್ಲಿ ವೇಲೂರಿನಲ್ಲಿ ಅವರು ತೆರೆದ ಚಿಕ್ಕ ಔಷಧಾಲಯ, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ವೈದ್ಯಶಾಲೆ. ಆ ಕಥೆಯಲ್ಲಿ ನಮಗೆ ದೊಡ್ಡದಾಗಿ ಕಾಣುವದು ಅವರು ಒಬ್ಬರೇ ಡಾಕ್ಟರಾಗಿ ನಿಲ್ಲದೆ ಮಂದಿಯನ್ನು ಕಲಿಸಿ ಕೂಡಿಸಿದ್ದು.

ಆದರೆ ತಜ್ಞರನ್ನು ತಾಲೂಕಿಗೆ ಒಯ್ದ ಮೇಲೆ ದೂರದ ಹಳ್ಳಿಯ ಬಸುರಿಯನ್ನೂ ತಾಲೂಕಿಗೆ ತರುವ ಹೊಣೆ ಸರಕಾರದ್ದಾಗಬೇಕು. ಕಾಡಂಚಿನ ಹಾನಗಲ್ಲ ತಾಲೂಕಿನ ಹಳ್ಳಿಗಳು, ಶಿಗ್ಗಾಂವಿಯ ಲಂಬಾಣಿ ತಾಂಡಾಗಳು, ಇವುಗಳಿಂದ ನಡುರಾತ್ರಿ ಬೇನೆ ಹತ್ತಿದ ಮೇಲೆ ಹೊರಡುವದು ಬೇಡ. ನಾಲ್ಕೂ ತಾಲೂಕಿನ ದವಾಖಾನೆಗಳ ಅಂಗಳದಲ್ಲಿ ಒಂದೊಂದು ತಂಗುಮನೆಯು ಕಟ್ಟಲ್ಪಡಬೇಕೆಂಬದು ನಮ್ಮ ಆಗ್ರಹ. ಅಪಾಯವಿರುವ ಬಸುರಿಯು ದಿನ ತುಂಬುವ ವಾರ ಮೊದಲೇ ಒಬ್ಬ ಹೆಣ್ಣಾಳಿನೊಡನೆ ಬಂದು ಅಲ್ಲಿರಲಿ. ಅಡಿಗೆಗೆ ಒಲೆ, ಸ್ನಾನಕ್ಕೆ ಬಿಸಿನೀರು, ಬಾಗಿಲಿಗೆ ಚಿಲಕವಿದ್ದರೆ ಸಾಕು. ಮಠಗಳೂ ಜಮಾತುಗಳೂ ಸಭೆಗಳೂ ಮನಸ್ಸು ಮಾಡಿದರೆ ಇದು ಕಠಿಣವಲ್ಲ. ಕಲ್ಯಾಣಮಂಟಪಗಳನ್ನು ಕಟ್ಟಿದ ಊರುಗಳು ಇವು.

ದವಾಖಾನೆಯೊಳಗಿನ ಒಂದು ಹೊಲಸನ್ನು ಮುಚ್ಚಿಡಲಾರೆವು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಮೇರೆಗೆ ಸರಕಾರಿ ದವಾಖಾನೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ಬಂಡಿ ಎಲ್ಲವೂ ಪುಕ್ಕಟೆ. ಹೀಗಿದ್ದರೂ ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಅಷ್ಟು ಎಂದು ಬಕ್ಷೀಸಿಗೆ ಕೈ ಚಾಚುವದು ಎಷ್ಟೋ ಕಡೆ ನಿಂತಿಲ್ಲವೆಂದು ಹೆತ್ತವರೇ ನಮಗೆ ಹೇಳಿದ್ದಾರೆ. ಹೆಣ್ಣಿಗೆ ದರ ಕಡಿಮೆ ಎಂಬದರಲ್ಲಿಯೇ ಎರಡು ಪಾಪಗಳಿವೆ. ಕೊಡುವವರು ಸಂತೋಷಕ್ಕೆ ಕೊಟ್ಟೆವೆನ್ನುವರು. ಮುಂದಿನ ಹಾಸಿಗೆಯ ಬಡವಳು ಆ ಸಂತೋಷದ ಬೆಲೆಯನ್ನು ತೆರುವಳು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನರ್ಸಬಾಯಿಯರಾದವರು ಬಹಳ ಮಂದಿ ಇದ್ದಾರೆ. ಅವರು ಈ ಮಾತನ್ನು ತಮ್ಮ ಮೇಲಿನ ನಿಂದೆಯೆಂದು ತಿಳಿಯದೆ, ತಮ್ಮ ವಾರ್ಡಿನಲ್ಲಿ ಇದು ನಡೆಯದಂತೆ ನೋಡಿಕೊಳ್ಳಬೇಕೆಂದು ಬೇಡುತ್ತೇವೆ. ಫರೋಹನ ಅಪ್ಪಣೆಗೆ ಬಗ್ಗದ ಶಿಪ್ರಾ, ಪೂಗಾ ಎಂಬ ಸೂಲಗಿತ್ತಿಯರು ಅವರ ವೃತ್ತಿಯ ಹಿರಿಯರೇ ಅಲ್ಲವೆ?

ತಾಯಿಯೊಬ್ಬಳು ಸತ್ತರೆ ಆ ಸಾವಿನ ಕಾರಣವನ್ನು ಪರಿಶೀಲಿಸಬೇಕೆಂಬ ನಿಯಮವಿದೆ. ಪರಿಶೀಲನೆಯ ಕಾಗದವು ಕಚೇರಿಯಿಂದ ಕಚೇರಿಗೆ ಹೋಗುವದು; ಊರಿಗೆ ತಿರುಗಿ ಬರುವದಿಲ್ಲ. ಅದು ಬರಬೇಕು. ಸತ್ತವಳ ಹೆಸರನ್ನು ಬಿಟ್ಟು, ಎಷ್ಟು ಹೊತ್ತಿಗೆ ಬೇನೆ ಹತ್ತಿತು, ಬಂಡಿ ಯಾವಾಗ ಬಂತು, ಎಲ್ಲಿ ಏನಿರಲಿಲ್ಲ ಎಂಬದನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಯಾರನ್ನೂ ನೇಣಿಗೆ ಹಾಕುವದಕ್ಕಾಗಿ ಅಲ್ಲ. ಕೆಟ್ಟ ಸೇತುವೆ, ಮುಚ್ಚಿದ ರಕ್ತಸಂಗ್ರಹದ ಕೋಣೆ, ತಡ ಮಾಡಿದ ಮನೆಯವರು, ಇವೆಲ್ಲ ಅಲ್ಲಿ ಎಲ್ಲರ ಕಿವಿಗೆ ಬೀಳಲಿ.

ದುಡಿಯುವ ಹೆಣ್ಣಿನ ಮಾತು ಇನ್ನೊಂದು ಲೇಖನಕ್ಕೆ ಆಗುವಷ್ಟಿದೆ. ಸಂಬಳದ ಕೆಲಸದಲ್ಲಿರುವವಳಿಗೆ 2017ರ ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆ ದೊರೆಯಿತು. ಹಿರೇಕೆರೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಬಿಸಿಲಿಗೆ ನಿಂತು ಹೂವಿಗೆ ಹೂವು ಮುಟ್ಟಿಸುವ ಬಸುರಿಗೆ 26 ದಿನವೂ ಇಲ್ಲ. ಮಾತೃವಂದನಾ ಯೋಜನೆಯ 5000 ರೂಪಾಯಿ ಮೊದಲ ಹೆರಿಗೆಗೆ. 2022ರಿಂದ ಎರಡನೆಯದು ಹೆಣ್ಣಾದರೆ 6000. ಮೂರನೆಯ ಸಲ ಬಸುರಾದವಳಿಗೆ ಏನೂ ಇಲ್ಲ, ಅವಳ ಮೈಯೇ ಎಲ್ಲರಿಗಿಂತ ಹೆಚ್ಚು ಸೋತದ್ದು. 2017ರಲ್ಲಿ ಅಂಗನವಾಡಿಗಳಲ್ಲಿ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟವನ್ನು ಕೊಡಹತ್ತಿದಾಗ ನಮಗೆ ಬಹಳ ಸಂತೋಷವಾಗಿತ್ತು. ಆದರೆ ಕೂಲಿಗೆ ಹೋದವಳು ಮಧ್ಯಾಹ್ನ ಅಲ್ಲಿಗೆ ಬರಲಾರಳು, ಹಸಿ ಬಾಣಂತಿಯನ್ನು ಮನೆಯವರು ಹೊರಗೆ ಬಿಡರು. ಡಬ್ಬಿಯಲ್ಲಿ ಹಾಕಿ ಮನೆಗೆ ಮುಟ್ಟಿಸಿದರೆ ಅದೇ ಅನ್ನವು ಅವಳ ಹೊಟ್ಟೆಗೆ ಸೇರುವದು.

ಹಳೆಯ ಸೂಲಗಿತ್ತಿಯರನ್ನು ಹೀಯಾಳಿಸುವದು ಈಗ ಸುಲಭವಾಗಿದೆ. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಸಾವಿರಾರು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದ ತಾಯಿ ಅವರು. ಅಂಥವರ ಕೈಗಳಿಗೆ ತಿರುಗಿ ಹೆರಿಗೆಯನ್ನು ಒಪ್ಪಿಸಬೇಕೆಂದು ನಾವು ಹೇಳುವದಿಲ್ಲ. ಆದರೆ ಬೇನೆ ತಿನ್ನುವವಳ ಬೆನ್ನು ನೀವುತ್ತ ಕೊನೆಯ ವರೆಗೆ ಕೂಡುವ ಒಬ್ಬ ಹೆಂಗಸು ಅವಳ ಪಾಲಿಗೆ ಇರುತ್ತಿದ್ದಳು. ದವಾಖಾನೆಯ ಹೆರಿಗೆ ಕೋಣೆಯ ಹೊರಗೆ ನಿಲ್ಲಿಸಲ್ಪಟ್ಟ ಅವ್ವನು ಒಳಗಿನ ಕೂಗನ್ನು ಕೇಳುತ್ತ ನಿಂತಿರುವದನ್ನು ನಾವು ಕಂಡಿದ್ದೇವೆ. ಒಬ್ಬ ಹೆಣ್ಣಾಳನ್ನು ಒಳಗೆ ಬಿಟ್ಟರೆ ಯಾವ ಶಾಸ್ತ್ರವೂ ಕೆಡುವದಿಲ್ಲ.

ಇನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಂದ ನಾವು ಕೇಳುವದು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖಿಗೆ ಸರಕಾರಿ ದವಾಖಾನೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆಯನ್ನು ನಡೆಸುವ ಏರ್ಪಾಡಿದೆ. ಆ ದಿನ ಹಳ್ಳಿಯಿಂದ ಬಂದ ಬಸುರಿಗೆ ಚೀಟಿ ಎಲ್ಲಿ, ರಕ್ತ ಕೊಡುವದೆಲ್ಲಿ, ಬರೆದದ್ದರ ಅರ್ಥವೇನು ಎಂದು ತಿಳಿಯದು, ಕೇಳಲು ನಾಚಿಕೆ. ನಾಲ್ಕೂ ತಾಲೂಕಿನ ಊರುಗಳಲ್ಲಿ ನಮ್ಮ ಶಾಲೆಯ ಇಬ್ಬಿಬ್ಬರು ಆ ದಿನ ಮುಂಜಾನೆ ಹತ್ತರಿಂದ ಎರಡರ ವರೆಗೆ ದವಾಖಾನೆಯ ಪಡಸಾಲೆಯಲ್ಲಿರಬೇಕು. ಮದ್ದು ಕೊಡುವದು ಅವರ ಕೆಲಸವಲ್ಲ. ಕಾರ್ಡು ಓದಿ ಹೇಳುವದು, ಹಿಮೋಗ್ಲೋಬಿನು 7ರ ಹತ್ತಿರವಿದ್ದವಳ ಊರನ್ನು ಬರೆದುಕೊಂಡು ಆಶಾ ಕಾರ್ಯಕರ್ತೆಗೆ ತಿಳಿಸುವದು, ಮುಂದಿನ ತಿಂಗಳು ಅವಳು ಬಂದಳೋ ಎಂದು ನೋಡುವದು, ಇಷ್ಟು. ಅವರ ಗಂಡಂದಿರೂ ಅಣ್ಣತಮ್ಮಂದಿರೂ ರಕ್ತದ ಗುಂಪನ್ನು ಬರೆಸಿ, ಕರೆದಾಗ ಬಂದು ಕೊಡುವೆವೆಂದು ಒಪ್ಪಿದರೆ ಇನ್ನೂ ಒಳ್ಳೇದು.

ಹೆಸರುಗಳನ್ನು ಬರೆದುಕೊಳ್ಳಲು ಶಾಲೆಯ ಕಚೇರಿಯಲ್ಲಿ ಒಂದು ವಹಿಯನ್ನು ಇಟ್ಟಿದ್ದೇವೆ. ಶಿಗ್ಗಾಂವಿಯಿಂದ ಮೂವರು, ಹಾನಗಲ್ಲದಿಂದ ಇಬ್ಬರು, ಸವಣೂರಿನಿಂದ ಒಬ್ಬಳು ಬರೆಸಿದ್ದಾರೆ. ಹಿರೇಕೆರೂರಿನ ಪುಟವು ಇನ್ನೂ ಖಾಲಿಯಿದೆ.